ಏಸಿಯಲ್ಲೇ ಬಿಸಿಗಾಳಿ ಬರುತ್ತದೆಯೇ?

ಪ್ರಶ್ನೆ: ದೊಡ್ಡಬಳ್ಳಾಪುರದ ಡಿಸೆಂಬರ್ ಚಳಿಗೆ ವಯಸ್ಸಾದ ಅಮ್ಮ ನಡುಗುತ್ತಾರೆ. ಮನೆಯ ಏಸಿಯನ್ನೇ ಹೀಟರ್ ಆಗಿ ಬಳಸಬಹುದೇ?

ಉತ್ತರ: ರಿಮೋಟಿನಲ್ಲಿ ಸೂರ್ಯನ ಚಿಹ್ನೆ ಇದ್ದ ಮಾತ್ರಕ್ಕೆ ನಂಬಬೇಡಿ, ಒಂದೇ ರಿಮೋಟನ್ನು ಹಲವು ಮಾಡೆಲ್‌ಗಳಿಗೆ ಕೊಡುತ್ತಾರೆ. ಬಿಲ್ಲಿನಲ್ಲಿ ‘ಹಾಟ್ ಅಂಡ್ ಕೋಲ್ಡ್’ ಎಂದಿದೆಯೇ ನೋಡಿ. ಇದ್ದರೆ ಫಿಲ್ಟರ್ ತೊಳೆದು, ಒಣಗಿಸಿ ಹಾಕಿ, ಹೀಟ್ ಮೋಡ್‌ನಲ್ಲಿ 22–24 ಡಿಗ್ರಿಗೆ ಇಡಿ. ಮೊದಲ ಕೆಲವು ನಿಮಿಷ ಗಾಳಿಯೇ ಬಾರದಿದ್ದರೆ ಗಾಬರಿ ಬೇಡ. ಒಳಗಿನ ಕಾಯಿಲ್ ಬಿಸಿಯಾಗುವವರೆಗೆ ಫ್ಯಾನ್ ಕಾಯುತ್ತದೆ.

ಕೂಲಿಂಗ್ ಮಾತ್ರದ ಏಸಿಯಾದರೆ ಮಾರ್ಪಡಿಸುವ ಸಾಹಸ ದಂಡ. ನಮ್ಮ ಕಡೆಯ ಚಳಿಗೆ ಆಯಿಲ್ ಹೀಟರ್ ಸಾಕು. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು 16 ಆಂಪ್ ಸಾಕೆಟ್‌ಗೇ ಹಾಕಿ. ಪ್ಲಗ್ ಕಾದರೆ, ಎಂಸಿಬಿ ಪದೇ ಪದೇ ಬಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಮಾತ್ರ ಇಡಲೇಬೇಡಿ. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು.