ಹಡಗಿನ ಮೇಲಿಳಿದ ವೈಮಾನಿಕ: ಅಡ್ಮಿರಲ್ ತಹಿಲಿಯಾನಿ

ಸೈನ್ಯವೆಂದರೆ ಭೂದಳವೆಂದೇ ತಿಳಿಯುವುದು ನಮ್ಮ ಕೊಡಗಿನ ವಾಡಿಕೆ. ಕಾರ್ಯಪ್ಪ, ತಿಮ್ಮಯ್ಯ ಎಂಬ ಹೆಸರುಗಳನ್ನು ಕೇಳಿಯೇ ನಾವೆಲ್ಲ ಬೆಳೆದವರು. 1965ರ ಯುದ್ಧದಲ್ಲಿ ಪ್ರಾಣವಿತ್ತ ದೇವಯ್ಯನವರಿಂದ ವಾಯುದಳವೂ ನಮಗೆ ಪರಿಚಿತವಾಯಿತು. ಕಡಲೊಂದೇ ದೂರ. ನಮ್ಮ ಚೆಟ್ಟಳ್ಳಿಯ ಕಾಫಿ ತೋಟಗಳಿಗೆ ಕಡಲಿನಿಂದ ಬರುವುದು ಮಳೆಯಷ್ಟೇ. ಆದುದರಿಂದ ನೌಕಾದಳದ ವೈಮಾನಿಕರೊಬ್ಬರ ಚರಿತ್ರೆಯನ್ನು ನಾನು ಆರಿಸಿಕೊಂಡುದು ಕೆಲವು ಮಿತ್ರರಿಗೆ ವಿಚಿತ್ರವೆನಿಸಬಹುದು.

1961ರ ಮೇ ತಿಂಗಳಿನಲ್ಲಿ ಜನರಲ್ ತಿಮ್ಮಯ್ಯನವರು ಭೂದಳದ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದರು. ಅದೇ ತಿಂಗಳ 18ರಂದು ರಾಧಾಕೃಷ್ಣ ಹರಿರಾಮ್ ತಹಿಲಿಯಾನಿ ಎಂಬ ಲೆಫ್ಟಿನೆಂಟರು ತಮ್ಮ ಸೀ ಹಾಕ್ ಜೆಟ್ ವಿಮಾನವನ್ನು ವಿಕ್ರಾಂತ್ ನೌಕೆಯ ಮೇಲೆ ಇಳಿಸಿದರು. ಆ ನೌಕೆ ಸೇವೆಗೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಅದರ ಮೇಲೆ ಇಳಿದ ಮೊದಲ ಜೆಟ್ ವಿಮಾನ ಇದೇ.

ಇಳಿಯುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ವಿಕ್ರಾಂತಿನ ಉದ್ದ ಸುಮಾರು 213 ಮೀಟರು. ನಮ್ಮ ಕ್ರೀಡೋತ್ಸವದ ಇನ್ನೂರು ಮೀಟರು ಓಟಕ್ಕಿಂತ ತುಸು ಹೆಚ್ಚು. ಇಳಿಯಲು ಸಿಗುವುದು ಅದರಲ್ಲಿಯೂ ಒಂದು ಭಾಗ ಮಾತ್ರ. ಆ ನೆಲವೋ ನೀರಿನ ಮೇಲೆ ಏಳುತ್ತ ಬೀಳುತ್ತ ಮುಂದಕ್ಕೆ ಚಲಿಸುತ್ತಿರುತ್ತದೆ. ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ವಿಮಾನದ ಬಾಲದ ಕೊಕ್ಕೆ ಹಿಡಿಯಬೇಕು. ಚಕ್ರ ತಗಲಿದೊಡನೆ ವೈಮಾನಿಕನು ಎಂಜಿನಿನ ವೇಗವನ್ನು ತಗ್ಗಿಸುವುದಿಲ್ಲ, ಪೂರ್ಣವಾಗಿ ಏರಿಸುತ್ತಾನೆ! ಕೊಕ್ಕೆ ತಪ್ಪಿದರೆ ಮತ್ತೆ ಹಾರಬೇಕಲ್ಲವೆ? ನಿಲ್ಲಲು ಬಂದವನು ಹಾರಲು ಸಿದ್ಧನಾಗಿಯೇ ಬರುವ ಈ ವಿದ್ಯೆ ನನಗೆ ಬಹಳ ಹಿಡಿಸಿತು.

ಆದರೆ ಇಷ್ಟರಿಂದಲೇ ಯಾರೂ ಅಡ್ಮಿರಲ್ ಆಗಲಾರರು. ನೌಕಾದಳದಲ್ಲಿ ವಿಮಾನವು ಹಡಗಿನದೇ ಒಂದು ಅಂಗ. ಹಡಗು ಗಾಳಿಗೆ ಮುಖಮಾಡಿ ತಿರುಗದಿದ್ದರೆ ಅದರ ವಿಮಾನ ಏಳುವುದು ಕಷ್ಟ. ಆದಕಾರಣ ಮೇಲೇರಬಯಸುವ ವೈಮಾನಿಕನು ತನ್ನ ಆಸನವನ್ನು ಬಿಟ್ಟು, ಹಡಗು ನಡೆಸುವುದನ್ನೂ ನೂರಾರು ನಾವಿಕರ ಹೊಣೆ ಹೊರುವುದನ್ನೂ ಕಲಿಯಬೇಕು. ತಹಿಲಿಯಾನಿಯವರು ತಾವು ಇಳಿದಿದ್ದ ಅದೇ ವಿಕ್ರಾಂತಿಗೆ ಮುಂದೆ ಕ್ಯಾಪ್ಟನ್ ಆದರು. 1984ರ ಡಿಸೆಂಬರಿನಲ್ಲಿ ನೌಕಾದಳದ ಮುಖ್ಯಸ್ಥರಾದರು. ಆ ಪದವಿಗೇರಿದ ಮೊದಲ ವೈಮಾನಿಕರು ಅವರೇ. 1987ರಲ್ಲಿ ನಿವೃತ್ತರಾಗಿ, ತರುವಾಯ ಸಿಕ್ಕಿಮಿನ ರಾಜ್ಯಪಾಲರಾಗಿದ್ದು, 2015ರಲ್ಲಿ ತೀರಿಕೊಂಡರು.

ಕನ್ನಡನಾಡಿಗೂ ಈ ಚರಿತ್ರೆಗೂ ಸಂಬಂಧ ಉಂಟು. ಅವರು ಮುಖ್ಯಸ್ಥರಾಗಿದ್ದಾಗಲೇ, 1986ರ ಅಕ್ಟೋಬರಿನಲ್ಲಿ, ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ನೌಕಾನೆಲೆಗೆ ಅಡಿಗಲ್ಲಿಟ್ಟರು. ನೆಲೆ ಸೇವೆಗೆ ಸೇರಿದುದು 2005ರ ಮೇ 31ರಂದು. ಆಗ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಅರುಣ್ ಪ್ರಕಾಶರೂ ವೈಮಾನಿಕರೇ. 1971ರ ಯುದ್ಧದಲ್ಲಿ ವಾಯುದಳದ ಹಂಟರ್ ವಿಮಾನ ಹಾರಿಸಿ ವೀರಚಕ್ರ ಪಡೆದವರು. ನೆಲೆಗೆ ಕದಂಬ ಎಂದು ಹೆಸರಿಟ್ಟಿರುವುದು ಇತಿಹಾಸದ ವಿದ್ಯಾರ್ಥಿಯಾದ ನನಗೆ ವಿಶೇಷ ಸಂತೋಷದ ವಿಷಯ.

ಇನ್ನು ನಮ್ಮ ಮಾತು. ಬಿ.ಎ. ಮುಗಿಸಿದವನಿಗೆ ಭೂದಳದ ಅಧಿಕಾರಿಯಾಗುವ ಪರೀಕ್ಷೆ ತೆರೆದಿದೆ. ನೌಕಾದಳದ ವೈಮಾನಿಕನಾಗಲು ಪದವಿಯ ಬಳಿಕ ಹೊರಟರೆ ಎಂಜಿನಿಯರಿಂಗ್ ಬೇಕು, ಪಿ.ಯು.ಸಿ. ಬಳಿಕ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಹೊರಟರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಬೇಕು. ಅಂದರೆ ದಾರಿ ಕವಲೊಡೆಯುವುದು ಹದಿನಾರನೆಯ ವಯಸ್ಸಿನಲ್ಲಿ. ಹಿಂದೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತದ ನಮ್ಮಂಥ ಮನೆಗಳಲ್ಲಿ ಇದನ್ನು ಹೇಳುವವರಿರುವುದಿಲ್ಲ. 2022ರಿಂದ ಆ ಅಕಾಡೆಮಿಗೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ನನ್ನ ತಂಗಿ ಈ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿರುವಳು. ಗಣಿತ ಅವಳಿಗೆ ಚೆನ್ನಾಗಿ ಬರುತ್ತದೆ. ಫಲಿತಾಂಶ ಬರುವ ಮೊದಲೇ ಈ ವಿವರವನ್ನೆಲ್ಲ ಅಪ್ಪನಿಗೆ ತಿಳಿಸಿರುವೆನು. ಅವರು ಇನ್ನೂ ಏನೂ ಹೇಳಿಲ್ಲ.