ಟ್ರೈಕೋಗ್ರಾಮ: ಕುಲವೊಂದು, ಪ್ರಭೇದ ಹಲವು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಕಬ್ಬಿನ ಹೊಲವನ್ನು ಕಾಣದವರು ವಿರಳ. ಘಟಪ್ರಭೆಯ ನೀರು ಹಿಡಕಲ್ ಜಲಾಶಯದಿಂದ ಕಾಲುವೆಗಳಲ್ಲಿ ಹರಿದು ಬಂದ ಮೇಲಂತೂ ಎಷ್ಟೋ ಮನೆತನಗಳ ಬದುಕು ಈ ಬೆಳೆಯನ್ನೇ ನೆಚ್ಚಿದೆ. ಅಂಥ ಹೊಲದಲ್ಲಿ ನಮ್ಮ ಕಣ್ಣಿಗೆ ಬೀಳದೆ ದುಡಿಯುವ ಒಂದು ಕಿರುಜೀವಿಯನ್ನೂ ಅದರ ಹೆಸರಿನ ತೊಡಕನ್ನೂ ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಪ್ರಾಣಿಶಾಸ್ತ್ರವನ್ನು ಕ್ರಮವಾಗಿ ಓದಿದವನಲ್ಲ. ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕಾಗಿ ಬಿನ್ನಹ.

ಕಳೆದ ವರ್ಷ ಮೂಡಲಗಿ ತಾಲೂಕಿನಲ್ಲಿರುವ ನಮ್ಮ ಹೊಲದ ಎಳೆಯ ಕಬ್ಬಿನ ಸುಳಿಗಳು ಒಣಗತೊಡಗಿದವು. ಹಿಡಿದು ಎಳೆದರೆ ಸುಳಿ ಸಲೀಸಾಗಿ ಕೈಗೆ ಬರುತ್ತಿತ್ತು. ಬುಡದಲ್ಲಿ ಕೊಳೆತ ನಾತ. ಇದು ಸುಳಿ ಕೊರೆಯುವ ಹುಳದ ಕೆಲಸ. ತಂದೆಯವರು ಔಷಧ ಹೊಡೆಯುವ ಬದಲು ಟ್ರೈಕೋ ಕಾರ್ಡು ತಂದು, ತುಂಡುಮಾಡಿ, ಎಲೆಗಳ ಅಡಿಗೆ ಸಿಕ್ಕಿಸಿದರು. ಆದರೂ ಅರ್ಧ ಹೊಲ ಒಣಗಿಯೇ ಹೋಯಿತು. ನಾನು ಕಾರ್ಡನ್ನು ತಿರುಗಿಸಿ ನೋಡಿದೆ. "ಟ್ರೈಕೋಗ್ರಾಮ" ಎಂದಷ್ಟೇ ಅಚ್ಚಾಗಿತ್ತು.

"ಅಪ್ಪಾ, ಇದರಾಗ ಯಾವ ಜಾತೀದು ಐತಿ ಅಂತ ಬರದೇ ಇಲ್ಲಲ್ಲ?" ಎಂದೆ.

"ಹುಳ ಅಂದ್ರ ಹುಳ. ಅದಕ್ಕೂ ಜಾತಿ ಕೇಳ್ತಿಯೇನೋ?" ಎಂದು ಅವರು ನಕ್ಕರು. ಆದರೆ ಇನ್ನು ಮುಂದೆ ಕಾರ್ಡಿನ ಗೊಡವೆ ಬೇಡವೆಂದು ನಿಶ್ಚಯಿಸಿಬಿಟ್ಟರು. ನನ್ನ ಅಭ್ಯಾಸ ಆರಂಭವಾದದ್ದು ಅಂದಿನಿಂದ.

ಟ್ರೈಕೋಗ್ರಾಮ ಎಂಬುದು ಕಣಜಗಳ ಬಳಗಕ್ಕೆ ಸೇರಿದ ಕೀಟ. ಉದ್ದ ಸುಮಾರು ಅರ್ಧ ಮಿಲಿಮೀಟರು. ಹೆಣ್ಣು ಪತಂಗದ ಮೊಟ್ಟೆಯನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಒಳಗೆ ಹುಟ್ಟಿದ ಮರಿ ಆ ಮೊಟ್ಟೆಯ ಸಾರವನ್ನೆಲ್ಲ ತಿಂದು ಬೆಳೆಯುತ್ತದೆ, ಮೊಟ್ಟೆ ಕಪ್ಪಾಗುತ್ತದೆ, ಸುಮಾರು ಎಂಟು ಹತ್ತು ದಿನಗಳಲ್ಲಿ ಪತಂಗದ ಮರಿಗೆ ಬದಲಾಗಿ ಕಣಜವೇ ಹೊರಬರುತ್ತದೆ. ಕಾರ್ಡಿಗೆ ಅಂಟಿಸಿರುವುದು ಇಂಥ ಕಪ್ಪಾದ ಮೊಟ್ಟೆಗಳನ್ನೇ. ಅವು ಅಕ್ಕಿಯ ಪತಂಗವೆಂಬ ಕೊರ್ಸೈರಾದವು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಕಣಜ ನಾಶಮಾಡುವುದು ಮೊಟ್ಟೆಯನ್ನೇ ಹೊರತು ಕಾಂಡದೊಳಗೆ ಹೊಕ್ಕ ಹುಳವನ್ನಲ್ಲ. ಸುಳಿ ಒಣಗಿದ ಮೇಲೆ ಕಾರ್ಡು ಕಟ್ಟಿದ್ದು ನಮ್ಮ ಮೊದಲ ತಪ್ಪು.

ಆದರೆ ಹೊತ್ತಿಗೆ ಸರಿಯಾಗಿ ಕಟ್ಟಿದರೂ ಯಾವ ಪ್ರಭೇದವೆಂಬ ಪ್ರಶ್ನೆ ಉಳಿದೇ ಇರುತ್ತದೆ. ಪ್ರಾಣಿಗಳಿಗೆ ಶಾಸ್ತ್ರಜ್ಞರು ಎರಡು ಮಾತಿನ ಹೆಸರಿಡುತ್ತಾರೆ. ಇದು ನಮ್ಮ ಸೀಮೆಯವರಿಗೆ ಹೊಸದಲ್ಲ. ಪ್ರಸಿದ್ಧ ಗಾಯಕರನ್ನು ನಾವು ಹುಕ್ಕೇರಿ ಬಾಳಪ್ಪನವರೆಂದು ಕರೆಯುತ್ತೇವೆ. ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಬರಿಯ "ಹುಕ್ಕೇರಿಯವರನ್ನು ಕರೆಯಿರಿ" ಎಂದರೆ ಯಾರು ಬಂದಾರೆಂದು ಹೇಳಲಾಗದು. ಟ್ರೈಕೋಗ್ರಾಮ ಎಂಬುದು ಮನೆತನದಂತೆ ಕುಲದ ಹೆಸರು. ಈ ಕುಲದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳು ವರ್ಣಿತವಾಗಿವೆ. ಕಬ್ಬಿನ ಸುಳಿಕೊರಕ ಮತ್ತು ಗೆಣ್ಣುಕೊರಕಗಳಿಗೆ ನಮ್ಮಲ್ಲಿ ಬಳಸುವುದು ಟ್ರೈಕೋಗ್ರಾಮ ಚಿಲೋನಿಸ್. ಭತ್ತದ ಕಾಂಡಕೊರಕಕ್ಕೆ ಬಳಸುವುದು ಟ್ರೈಕೋಗ್ರಾಮ ಜಪೋನಿಕಮ್. ಒಂದರ ಕೆಲಸಕ್ಕೆ ಇನ್ನೊಂದನ್ನು ಕಳಿಸಿದರೆ ಫಲ ಸಿಕ್ಕೀತೆಂಬ ಭರವಸೆಯಿಲ್ಲ.

ಕುಲವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಪಾದಕ್ಕೆ ಮೂರೇ ಗೆಣ್ಣು. ರೆಕ್ಕೆಯ ಮೇಲೆ ಸಣ್ಣ ಕೂದಲುಗಳು ಸಾಲುಸಾಲಾಗಿ ನಿಂತಿರುತ್ತವೆ. ಗ್ರೀಕಿನಲ್ಲಿ ಕೂದಲಿಗೂ ಗೆರೆಗೂ ಇರುವ ಶಬ್ದಗಳೇ ಕೂಡಿ ಈ ಹೆಸರಾಗಿವೆ. ನಾವು ಓದುವ "ಗ್ರಾಮರ್" ಶಬ್ದದ ಮೂಲವೂ ಆ "ಗ್ರಾಮ"ವೇ. ಗಂಡಿನ ಮೀಸೆಯ ತುದಿಭಾಗ ಒಂದೇ ತುಂಡಾಗಿದ್ದು ಉದ್ದ ಕೂದಲಿನಿಂದ ತುಂಬಿರುತ್ತದೆ. ಸಮೀಪದ ಬಂಧುವಾದ ಟ್ರೈಕೋಗ್ರಾಮಟಾಯ್ಡಿಯ ಕುಲದ ಗಂಡಿನಲ್ಲಿ ಅದು ತುಂಡುತುಂಡಾಗಿರುತ್ತದೆ.

ತೊಡಕಿರುವುದು ಪ್ರಭೇದದಲ್ಲಿ. ವೆಸ್ಟ್‌ವುಡ್ ಎಂಬ ಆಂಗ್ಲ ವಿದ್ವಾಂಸ 1833ರಲ್ಲಿ ಈ ಕುಲವನ್ನು ಹೆಸರಿಸಿದ. ಆಮೇಲೆ ಬಹುಕಾಲ ಬಣ್ಣವನ್ನೂ ಗಾತ್ರವನ್ನೂ ನೋಡಿ ಪ್ರಭೇದಗಳನ್ನು ಬೇರ್ಪಡಿಸುತ್ತಿದ್ದರು. ಆದರೆ ತಂಪಿನಲ್ಲಿ ಬೆಳೆದ ಕಣಜ ಕಪ್ಪಾಗುತ್ತದೆ, ಸೆಕೆಯಲ್ಲಿ ಬೆಳೆದದ್ದು ಹಳದಿಯಾಗುತ್ತದೆ. ದೊಡ್ಡ ಮೊಟ್ಟೆಯಲ್ಲಿ ಒಂಟಿಯಾಗಿ ಬೆಳೆದದ್ದು ದೊಡ್ಡದು, ಹಲವರೊಡನೆ ಹಂಚಿಕೊಂಡು ಬೆಳೆದದ್ದು ಚಿಕ್ಕದು. ಟ್ರೈಕೋಗ್ರಾಮ ಸೆಂಬ್ಲಿಡಿಸ್ ಎಂಬ ಪ್ರಭೇದದಲ್ಲಿ ಪತಂಗದ ಮೊಟ್ಟೆಯಿಂದ ಬಂದ ಗಂಡಿಗೆ ರೆಕ್ಕೆಯಿರುತ್ತದೆ. ಬೇರೊಂದು ಕೀಟದ ಮೊಟ್ಟೆಯಿಂದ ಬಂದ ಗಂಡಿಗೆ ರೆಕ್ಕೆಯೇ ಇರುವುದಿಲ್ಲ! ಹೀಗಿರುವಾಗ ಮೇಲ್ನೋಟವನ್ನು ನಂಬುವುದೆಂತು? ದೇಶದೇಶಗಳಲ್ಲಿ ಸಿಕ್ಕ ಕಣಜಗಳಿಗೆಲ್ಲ ಮಿನುಟಮ್, ಇವಾನೆಸೆನ್ಸ್ ಎಂಬ ಎರಡು ಮೂರು ಹೆಸರುಗಳನ್ನೇ ಹಚ್ಚಿದರು. ಭಾರತದ ಕಣಜವೂ ಈ ಹೆಸರುಗಳನ್ನು ಹೊತ್ತು, ಬಳಿಕ ಆಸ್ಟ್ರಾಲಿಕಮ್ ಎನಿಸಿಕೊಂಡಿತು.

ಈ ಗೋಜಲನ್ನು ಬಿಡಿಸಿದ ಕೆಲಸದ ಮುಖ್ಯ ಭಾಗ ನಡೆದದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಅಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಗಂಡಿನ ಜನನೇಂದ್ರಿಯದ ರಚನೆಯೇ ನಂಬತಕ್ಕ ಗುರುತೆಂದು 1971ರಲ್ಲಿ ವಿವರವಾಗಿ ತೋರಿಸಿದರು. ಬಣ್ಣದಂತೆ ಅದು ಹವೆಯನ್ನು ಅನುಸರಿಸಿ ಬದಲಾಗುವುದಿಲ್ಲ. ಸಂಶಯವಿದ್ದಲ್ಲಿ ಎರಡು ಗುಂಪುಗಳ ಗಂಡು ಹೆಣ್ಣುಗಳನ್ನು ಕೂಡಿಸಿ, ಸಂತಾನ ಮುಂದುವರಿಯುವುದೋ ಇಲ್ಲವೋ ಎಂದು ಪರೀಕ್ಷಿಸಿದರು. ಜಪಾನಿನ ಇಶಿಯಿ 1941ರಲ್ಲಿ ವರ್ಣಿಸಿದ್ದ ಚಿಲೋನಿಸ್ ಪ್ರಭೇದದ ಸ್ಥಾನವನ್ನು 1979ರಲ್ಲಿ ಇವರೇ ನಿರ್ಣಯಿಸಿದರು. ನಮ್ಮ ಕಬ್ಬಿನ ಕಣಜಕ್ಕೆ ಸರಿಯಾದ ಹೆಸರು ದಕ್ಕಿದ್ದು ಹೀಗೆ.

ಈ ವಿಧಾನಕ್ಕೂ ಮಿತಿಯುಂಟು. ಹೆಣ್ಣೊಂದೇ ಸಿಕ್ಕರೆ ಗುರುತು ಹೇಳುವುದು ಕಷ್ಟ. ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ಹೊಕ್ಕ ಕೆಲವು ವಂಶಗಳಲ್ಲಿ ಹೆಣ್ಣು ಗಂಡಿನ ಸಂಗವಿಲ್ಲದೆ ಹೆಣ್ಣನ್ನೇ ಹಡೆಯುತ್ತ ಹೋಗುತ್ತದೆ. ಅಂಥಲ್ಲಿ ಈಗ ಡಿ.ಎನ್.ಎ. ಪರೀಕ್ಷೆ ನೆರವಾಗುತ್ತದೆ.

ಈ ವರ್ಷ ನಾನು ನಮ್ಮ ಕಬ್ಬಿನ ಎಲೆಯ ಮೇಲಿದ್ದ ಕಪ್ಪು ಮೊಟ್ಟೆಗಳನ್ನು ಗಾಜಿನ ನಳಿಕೆಯಲ್ಲಿಟ್ಟು ಹತ್ತಿಯಿಂದ ಬಾಯಿ ಮುಚ್ಚಿದೆ. ಆರನೆಯ ದಿನ ಒಳಗೆ ಹಳದಿ ಧೂಳು ಓಡಾಡಿದಂತೆ ಕಂಡಿತು. ವಿಜ್ಞಾನ ಓದುವ ಗೆಳೆಯನೊಬ್ಬನ ನೆರವಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪಾದದ ಮೂರು ಗೆಣ್ಣು, ರೆಕ್ಕೆಯ ಕೂದಲಿನ ಸಾಲು, ಗಂಡಿನ ಮೀಸೆ ಕಂಡವು. ಕುಲದವರೆಗೆ ಬಂದೆವು, ಪ್ರಭೇದದ ಬಾಗಿಲು ತೆರೆಯಲಿಲ್ಲ. ಅದಕ್ಕೆ ಕಣಜವನ್ನು ಕ್ಷಾರದಲ್ಲಿ ನೆನೆಸಿ ಪಾರದರ್ಶಕ ಮಾಡಿ, ಗಾಜಿನ ಪಟ್ಟಿಯ ಮೇಲೆ ಕೂಡಿಸುವ ನುರಿತ ಕೈ ಬೇಕು.

ತಂದೆಯವರಿಗೂ ನಳಿಕೆಯನ್ನು ತೋರಿಸಿದೆ. ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. "ಇವು ನಮ್ಮ ಹೊಲದಾಗ ಮೊದಲಿಂದನೂ ಇದ್ದವೇನು? ಹಂಗಾದ್ರ ಔಷಧ ಹೊಡದು ಇವನ್ನೂ ಕೊಂದೀವಿ ಅನ್ನು" ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮಿತ್ರರಲ್ಲಿ ನನ್ನದೊಂದು ವಿನಂತಿ. ನಿಮ್ಮ ಹೊಲದಲ್ಲಿಯೂ ಕಪ್ಪಾದ ಮೊಟ್ಟೆ ಕಂಡರೆ ನಳಿಕೆಯಲ್ಲಿಡಿ. ಹೊರಬಂದ ಕಣಜಗಳನ್ನು, ಗಂಡುಗಳನ್ನು ಮರೆಯದೆ, ಮದ್ಯಸಾರದಲ್ಲಿ ಹಾಕಿ. ಊರು, ದಿನಾಂಕ, ಬೆಳೆ, ಯಾವ ಹುಳದ ಮೊಟ್ಟೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಜೊತೆಗಿಡಿ. ಚೀಟಿಯಿಲ್ಲದ ಕಣಜ ವಿಳಾಸವಿಲ್ಲದ ಪತ್ರದಂತೆ. ಗುರುತು ಹೇಳಬಲ್ಲ ತಜ್ಞರು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರದಲ್ಲಿದ್ದಾರೆ. ಆದರೆ ನಮ್ಮ ಮೂರು ತಾಲೂಕುಗಳ ಹೊಲಗಳಲ್ಲಿ ಯಾರು ಯಾರು ದುಡಿಯುತ್ತಿದ್ದಾರೆಂದು ತಿಳಿಯಬೇಕಾದರೆ ನಳಿಕೆ ಹಿಡಿಯುವ ಕೈ ನಮ್ಮದೇ ಆಗಬೇಕು. ಕಾರ್ಡು ಕೊಳ್ಳುವಾಗ "ಯಾವ ಪ್ರಭೇದ?" ಎಂದು ಕೇಳುವ ಬಾಯಿಯೂ ನಮ್ಮದೇ ಆಗಬೇಕು.