ವಾಟರ್ ಪೋಲೋ ಆಟವೂ ಅದರ ಸಿದ್ಧತೆಯೂ

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಮಕ್ಕಳಿಗೆ ನೀರು ಅಪರಿಚಿತವಲ್ಲ. ಹೊಗೇನಕಲ್ಲಿನ ಬಂಡೆಗಳ ನಡುವೆ ಧುಮ್ಮಿಕ್ಕುವ ಕಾವೇರಿಯು ಮುಂದೆ ಹರಿದು, 1934ರಲ್ಲಿ ಕಟ್ಟಿ ಮುಗಿದ ಮೆಟ್ಟೂರು ಅಣೆಕಟ್ಟಿನ ಹಿಂದೆ ಕಡಲಿನಂತೆ ಹರಡಿ ನಿಲ್ಲುತ್ತದೆ. ಹೊಲಗಳಲ್ಲಿ ಆಳವಾದ ಬಾವಿಗಳುಂಟು. ಬೆನ್ನಿಗೆ ಒಣ ಸೋರೆಬುರುಡೆಯನ್ನು ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿಯುವುದು ಹಿರಿಯರ ಕಾಲದಿಂದ ಬಂದ ರೂಢಿ. ಈಜನ್ನು ಮಕ್ಕಳು ಬೇಸಗೆಯ ವಿನೋದವೆಂದೂ, ತಂದೆತಾಯಿಗಳು ಪ್ರಾಣಕ್ಕೆ ಅಪಾಯವೆಂದೂ ಎಣಿಸುವುದುಂಟು. ಈಜು ಒಂದು ವಿದ್ಯೆ, ಅದಕ್ಕೂ ಪಾಠಕ್ರಮವುಂಟು ಎಂಬುದನ್ನು ವಾಟರ್ ಪೋಲೋ ಎಂಬ ಆಟದ ಮೂಲಕ ತಿಳಿಸಲು ಇಲ್ಲಿ ಯತ್ನಿಸುತ್ತೇವೆ.

ವಾಟರ್ ಪೋಲೋ ಎಂದರೆ ನೀರಿನಲ್ಲಿ ಆಡುವ ಚೆಂಡಾಟ. ಒಂದೊಂದು ಪಕ್ಷದಿಂದ ಏಳು ಮಂದಿ ನೀರಿನಲ್ಲಿರುತ್ತಾರೆ. ಅವರಲ್ಲೊಬ್ಬನು ಗೋಲು ಕಾಯುವವನು. ಗೋಲಿನ ಅಗಲ 3 ಮೀಟರು. ಎಂಟೆಂಟು ನಿಮಿಷಗಳ ನಾಲ್ಕು ಅವಧಿಗಳಲ್ಲಿ ಆಟ ನಡೆಯುತ್ತದೆ. ಆಟಗಾರರು ಚೆಂಡನ್ನು ಒಂದೇ ಕೈಯಿಂದ ಹಿಡಿಯಬೇಕು, ಒಂದೇ ಕೈಯಿಂದ ಎಸೆಯಬೇಕು. ಗೋಲು ಕಾಯುವವನಿಗೆ ಮಾತ್ರ, ತನ್ನ ಗೋಲಿನ ಸಮೀಪದಲ್ಲಿ, ಎರಡು ಕೈಗಳನ್ನೂ ಬಳಸುವ ಅಧಿಕಾರವುಂಟು. ಎಲ್ಲಕ್ಕಿಂತ ಕಠಿಣವಾದ ನಿಯಮವೆಂದರೆ, ಉಳಿದ ಆಟಗಾರರು ಕೊಳದ ತಳವನ್ನು ಕಾಲಿನಿಂದ ಒತ್ತಿ ಮೇಲೇಳುವಂತಿಲ್ಲ. ದೊಡ್ಡ ಪಂದ್ಯಗಳ ಕೊಳವಾದರೋ 2 ಮೀಟರಿಗೆ ಕಡಿಮೆಯಿಲ್ಲದ ಆಳವುಳ್ಳದ್ದು.

ಹಾಗಾದರೆ ಆಟಗಾರನು ನಿಲ್ಲುವುದು ಯಾವುದರ ಮೇಲೆ? ತನ್ನ ಕಾಲುಗಳ ಚಲನೆಯ ಮೇಲೆಯೇ. ನಮ್ಮ ಊರುಗಳ ನೇಕಾರರ ಮನೆಯಲ್ಲಿ ಮಗ್ಗವನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಗುಣಿಯಲ್ಲಿ ಕಾಲಿಳಿಸಿ ಕುಳಿತ ನೇಕಾರನ ಕಾಲುಗಳು ಕೆಳಗೆ ಒಂದಾದ ಮೇಲೊಂದು ತುಳಿಯುತ್ತಲೇ ಇರುತ್ತವೆ. ಮೇಲೆ ಕೈಯು ಲಾಳಿಯನ್ನು ಓಡಿಸುತ್ತದೆ. ನೋಡುವವರ ಕಣ್ಣು ಲಾಳಿಯ ಮೇಲೆ. ಆದರೆ ಕಾಲು ತಪ್ಪಿದರೆ ನೆಯ್ಗೆ ಕೆಟ್ಟಿತು. ವಾಟರ್ ಪೋಲೋ ಆಟಗಾರನೂ ಮೊಣಕಾಲುಗಳನ್ನು ಅಗಲಿಸಿ, ಒಂದು ಕಾಲನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ವೃತ್ತಾಕಾರವಾಗಿ, ಒಂದರ ನಂತರ ಒಂದರಂತೆ ತಿರುಗಿಸುತ್ತಾನೆ. ನೀರನ್ನು ಕೆಳಕ್ಕೆ ಒತ್ತಿದಷ್ಟೂ ನೀರು ಅವನನ್ನು ಮೇಲಕ್ಕೆ ಒತ್ತುತ್ತದೆ. ಕಾಲುಗಳು ಸರದಿಯಂತೆ ದುಡಿಯುವುದರಿಂದ ಆ ಒತ್ತು ಎಲ್ಲಿಯೂ ಕಡಿಯುವುದಿಲ್ಲ. ಇದು ವಿಜ್ಞಾನದ ತರಗತಿಯಲ್ಲಿ ನೀವು ಕಲಿಯುವ ನ್ಯೂಟನ್ನನ ಮೂರನೆಯ ನಿಯಮವೇ.

ರಾಷ್ಟ್ರೀಯ ತಂಡಗಳು ದೊಡ್ಡ ಪಂದ್ಯಾವಳಿಗೆ ಸಿದ್ಧವಾಗುವಾಗ ಈ ಕಾಲುಗಳ ಅಭ್ಯಾಸಕ್ಕೆ ವಿಶೇಷ ಗಮನ ಕೊಡುತ್ತವೆ. ಎರಡು ಕೈಗಳನ್ನೂ ಮೇಲೆತ್ತಿ, ಕೆಲವೊಮ್ಮೆ ಭಾರವನ್ನು ಹಿಡಿದು, ಕಾಲುಗಳಿಂದಲೇ ತೇಲುವುದು ಒಂದು ಅಭ್ಯಾಸ. ಚೆಂಡನ್ನೂ ಜೊತೆಗಾರರನ್ನೂ ಕಾಣುವಂತೆ ತಲೆಯೆತ್ತಿ ಈಜುವುದು ಇನ್ನೊಂದು. ತಪ್ಪು ಮಾಡಿದ ಆಟಗಾರನನ್ನು ಕೆಲವು ಸೆಕೆಂಡುಗಳ ಕಾಲ ಹೊರಗಿಡುವ ನಿಯಮವಿರುವುದರಿಂದ, ಒಬ್ಬನು ಕಡಿಮೆಯಾದಾಗ ಉಳಿದವರು ಗೋಲನ್ನು ಕಾಯುವ ಬಗೆಯನ್ನೂ ಮತ್ತೆ ಮತ್ತೆ ಅಭ್ಯಸಿಸುತ್ತಾರೆ. ಒಬ್ಬನ ತಪ್ಪಿನ ಹೊರೆಯನ್ನು ಎಲ್ಲರೂ ಹೊರಬೇಕೆಂಬ ಪಾಠವು ಇದರಲ್ಲಿ ಅಡಗಿದೆ.

ನಮ್ಮ ದೇಶಕ್ಕೂ ಈ ಆಟದಲ್ಲಿ ಗೌರವದ ಇತಿಹಾಸವಿದೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಭಾರತದ ತಂಡವು ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಚಿಲಿ ದೇಶವನ್ನು ಸೋಲಿಸಿತು. ಆ ತಂಡದಲ್ಲಿದ್ದ ಸಚಿನ್ ನಾಗ್ ಅವರ ಕಾಲಿಗೆ 1947ರ ಗಲಭೆಗಳ ಕಾಲದಲ್ಲಿ ಗುಂಡು ತಗುಲಿತ್ತು. ಗಾಯವು ಮಾಗಿದ ಮೇಲೆ ಅವರು ಪುನಃ ನೀರಿಗಿಳಿದು, ಅಭ್ಯಾಸವನ್ನು ಮುಂದುವರಿಸಿ ಲಂಡನ್ನಿಗೆ ಹೋದರು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್ ಈಜಿನ ಚಿನ್ನ ಅವರದಾಯಿತು. ವಾಟರ್ ಪೋಲೋದ ಚಿನ್ನವೂ ಭಾರತಕ್ಕೆ ಬಂದಿತು. ಮುಂದೆ 1970ರಲ್ಲಿ ಬ್ಯಾಂಕಾಕಿನಲ್ಲಿ ಬೆಳ್ಳಿ, 1982ರಲ್ಲಿ ದಿಲ್ಲಿಯಲ್ಲಿ ಕಂಚು ದೊರೆತವು. ಅಲ್ಲಿಂದ 2023ರ ಹಾಂಗ್‌ಝೌ ಕೂಟದವರೆಗೆ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟದ ಪದಕವಿಲ್ಲ.

ಇದಕ್ಕೆದುರಾಗಿ ಹಂಗೇರಿಯನ್ನು ನೋಡಿರಿ. ಅದಕ್ಕೆ ಸಮುದ್ರತೀರವೇ ಇಲ್ಲ. ಜನಸಂಖ್ಯೆ ಒಂದು ಕೋಟಿಗೂ ಕಡಿಮೆ. ಆದರೂ ಪುರುಷರ ವಾಟರ್ ಪೋಲೋದಲ್ಲಿ ಅದು 9 ಒಲಿಂಪಿಕ್ ಚಿನ್ನಗಳನ್ನು ಗಳಿಸಿದೆ. ಹೆಣ್ಣುಮಕ್ಕಳೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಅವರ ಪಂದ್ಯಗಳೂ ನಡೆಯುತ್ತಿವೆ. ಸಮುದ್ರದಿಂದ ದೂರವಿರುವುದೂ, ಹೆಣ್ಣಾಗಿ ಹುಟ್ಟಿರುವುದೂ ಈಜು ಕಲಿಯದಿರಲು ಕಾರಣಗಳಲ್ಲ.

ನಮ್ಮ ಮಕ್ಕಳಲ್ಲಿ ಎಲ್ಲರೂ ಒಲಿಂಪಿಕ್ಸಿಗೆ ಹೋಗುವುದಿಲ್ಲ. ಆದರೆ ಎಲ್ಲರೂ ಬಾವಿಯ ದಡದಲ್ಲಿ, ಹೊಳೆಯ ಅಂಚಿನಲ್ಲಿ ನಡೆದಾಡುವವರೇ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ 30 ವರ್ಷ ತುಂಬದವರು. ನೆಲ ಸಿಗದ ಕಡೆ ಗಾಬರಿಯಿಲ್ಲದೆ ಕಾಲಾಡಿಸಿ ಕೆಲವು ನಿಮಿಷ ತೇಲಬಲ್ಲ ಮಗುವಿಗೆ, ನೆರವು ಬರುವವರೆಗೆ ಉಳಿಯುವ ಅವಕಾಶವಿರುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೇ, ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಿರಿ. ಬಲ್ಲ ಹಿರಿಯರು ಜೊತೆಯಲ್ಲಿಲ್ಲದೆ ನೀರಿಗಿಳಿಯಬೇಡಿರಿ. ಆಳವನ್ನು ಅರಿಯದ ಕಡೆ ಮೇಲಿನಿಂದ ಧುಮುಕಬೇಡಿರಿ. ಹೊಗೇನಕಲ್ಲಿನಂತಹ ಸೆಳೆತದ ಸ್ಥಳಗಳಲ್ಲಿ ಈಜು ಬಲ್ಲೆನೆಂಬ ಹೆಮ್ಮೆ ಬೇಡ. ಯಾರಾದರೂ ಮುಳುಗುತ್ತಿರುವುದನ್ನು ಕಂಡರೆ ಹಿಂದೆಯೇ ಹಾರದೆ, ಕೂಗಿ ಜನರನ್ನು ಕರೆದು, ಹಗ್ಗವನ್ನೋ ಉದ್ದನೆಯ ಬಟ್ಟೆಯನ್ನೋ ಕೋಲನ್ನೋ ನೀಡಿರಿ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ನೀರಿಗಿಳಿಯದೆ ಈಜು ಬಾರದೆಂಬ ಗಾದೆಯನ್ನು ಬಲ್ಲವರು ನೀವು. ನೀರಿನ ಹತ್ತಿರ ಹೋಗಬೇಡವೆಂದು ಗದರಿಸಿದ ಮಾತ್ರಕ್ಕೆ ಮಗು ಹೋಗದೆ ಇರುವುದಿಲ್ಲ, ಕದ್ದು ಹೋಗುತ್ತದೆ. ಗಂಡಾಗಲಿ ಹೆಣ್ಣಾಗಲಿ, ಕೈಹಿಡಿದು ಕರೆದುಕೊಂಡು ಹೋಗಿ, ಬಲ್ಲವರಿಂದ ಕ್ರಮವಾಗಿ ಕಲಿಸಿರಿ. ಅಕ್ಷರವನ್ನು ಕಲಿಸಲು ತೋರುವ ಶ್ರದ್ಧೆಯನ್ನು ಈ ವಿದ್ಯೆಗೂ ತೋರಿದರೆ, ಅದು ಮಕ್ಕಳಿಗೆ ಜೀವಮಾನದ ರಕ್ಷೆಯಾಗುವುದೆಂದು ನಾವು ನಂಬುತ್ತೇವೆ.